ಹಾರ್ಮೋನಿಕ್ ಎಂದು ಓದಿಕೊಳ್ಳತಕ್ಕದ್ದು

ಗುಮಾಸ್ತ ಬಿಂದುಮಾಧವರು ಹುಟ್ಟಿದಂದಿನಿಂದ ಈ ಹೊತ್ತಿನವರೆಗೆ ಕನ್ನಡದಲ್ಲಿ ಒಂದೇ ಒಂದು ತಪ್ಪು ಮಾಡಿದವರಲ್ಲ. ಹುಟ್ಟಿದ ಕೂಡಲೇ ಅತ್ತಾಗಲೂ ಹ್ರಸ್ವ ಬೇಕಾದಲ್ಲಿ ಹ್ರಸ್ವ, ದೀರ್ಘ ಬೇಕಾದಲ್ಲಿ ದೀರ್ಘ ಹಚ್ಚಿಯೇ ಅತ್ತರೆಂದು ಸೂಲಗಿತ್ತಿ ಸಾಯುವ ತನಕ ಹೇಳುತ್ತಿದ್ದಳು. ಧಾರವಾಡದ ಒಂದು ಸಂಶೋಧನಾ ಸಂಸ್ಥೆಯಲ್ಲಿ (ಹೆಸರು ಬೇಡ, ಮರ್ಯಾದೆಯ ಮಾತು) ಅವರು ಬರೆದು ಹಚ್ಚಿದ ನೋಟೀಸು ಓದಲೆಂದೇ ಜನ ಬೆಳಗಾವಿಯಿಂದ ಬುತ್ತಿ ಕಟ್ಟಿಕೊಂಡು ಬರುತ್ತಾರೆ. ಅಂಥವರು ಕನ್ನಡಕ್ಕಿಳಿಸಿದ ಒಂದು ಶಬ್ದದಿಂದ ಕೇಶ್ವಾಪುರದ ಆಂಡ್ರ್ಯೂನ ಒಂದು ದಿನ ಮಣ್ಣುಪಾಲಾಯಿತು. ತಪ್ಪು ಬಿಂದುಮಾಧವರದಲ್ಲ. ತಪ್ಪು ಏನಿದ್ದರೂ ಇಂಗ್ಲಿಷಿನದು.

ಆಂಡ್ರ್ಯೂ ಗಣಿತದ ಅತಿಥಿ ಉಪನ್ಯಾಸಕ. ಒಂಬತ್ತು ವರ್ಷದಿಂದ ಅತಿಥಿ. ಅಷ್ಟು ವರ್ಷ ಉಳಿದ ಅತಿಥಿಯನ್ನು ಯಾವ ಮನೆಯವರೂ ಇಟ್ಟುಕೊಂಡ ದಾಖಲೆಯಿಲ್ಲ. ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ಒಂದು ಕಾಲೇಜಿನಲ್ಲಿ ಕಾಯಂ ಹುದ್ದೆಯ ಸಂದರ್ಶನವಿತ್ತು. ಅದಕ್ಕೆ ಗಣಿತದ ಪಿಎಚ್‌ಡಿ ಆಗಿದೆ ಎಂಬ ಆದೇಶಪತ್ರ ಕೈಯಲ್ಲಿರಬೇಕು. ಆ ದಿನ ಮಧ್ಯಾಹ್ನ ಎರಡಕ್ಕೆ ಮೌಖಿಕ ಪರೀಕ್ಷೆ, ಸಂಜೆ ಆದೇಶಪತ್ರ. ಲೆಕ್ಕ ಸರಿಯಾಗಿಯೇ ಇತ್ತು, ಬೆಳಿಗ್ಗೆ ಎಂಟಕ್ಕೆ ಬಾಗಿಲು ಬಡಿಯುವ ತನಕ.

ಬಾಗಿಲಲ್ಲಿ ಬಾಜೂ ಮನೆಯ ಉಡಚವ್ವ ನಿಂತಿದ್ದಳು. ಬಗಲಲ್ಲಿ ಹಸುಗೂಸಿನ ಹಾಗೆ ಒಂದು ಹಾರ್ಮೋನಿಯಂ.

"ಎಂಟ್ ವರ್ಷ ಗ್ವಾಡಿಗೆ ಗ್ವಾಡಿ ಹಚ್ಚಿ ಅದೀವಿ ಆಂಡ್ರು, ಒಂದ್ ಮಾತ್ ಹೇಳಬಾರದೇನೋ ತಮ್ಮಾ. ಬುದ್ಧ ವಿಹಾರದ ಪೇಟಿ ಇದು. ಮೂರನೇ ಪಟ್ಟಿ ಒತ್ತಿದ್ರ ಎಮ್ಮಿ ಒದರಿದಂಗ ಒದರತೈತಿ. ಐತವಾರ ವಂದನಾ ಐತಿ, ಲಗೂ ನೋಡು."

"ಕಾಕೂ, ನಾ ಯಾಕ ನೋಡ್ಲಿ?"

ಉಡಚವ್ವ ಮೊಬೈಲನ್ನು ಅವನ ಮೂಗಿಗೆ ಹಿಡಿದಳು. ಧಾರವಾಡದ ನೋಟೀಸು ಬೋರ್ಡಿನ ಫೋಟೋ ಹನ್ನೆರಡು ವಾಟ್ಸಾಪ್ ಗುಂಪು ದಾಟಿ ಬಂದಿತ್ತು. "ಶ್ರೀ ಆಂಡ್ರ್ಯೂ ಇವರು ಬೀಜಗಣಿತದ ಸಂಖ್ಯೆಗಳ ಪ್ರಕಾರ ಹಾರ್ಮೋನಿಯಂ ತಪಾಸಣೆ ಮಾಡುವ ವಿಧಾನಗಳು ಎಂಬ ವಿಷಯದಲ್ಲಿ ಡಾಕ್ಟರೇಟ್‌ಗಾಗಿ ಮೌಖಿಕ ಪರೀಕ್ಷೆ ಎದುರಿಸುವರು. ಸರ್ವರಿಗೂ ಸ್ವಾಗತ."

ಆಂಡ್ರ್ಯೂನ ಕಿವಿ ಕೆಂಪಾದವು. "ಇದು ಹಾರ್ಮೋನಿಕ್ ಅನಾಲಿಸಿಸ್, ಕಾಕೂ. ಬೀಜೀಯ ಸಂಖ್ಯಾಸಿದ್ಧಾಂತದಾಗ ಹಾರ್ಮೋನಿಕ್ ವಿಶ್ಲೇಷಣೆ. ಪೇಟಿಗೂ ನನಗೂ ಏನೂ ಸಂಬಂಧಿಲ್ಲ."

"ಹಾರ್ಮೋನಿಕ್ ಅಂದ್ರ ಏನಪಾ ಮತ್ತ?"

ಆಂಡ್ರ್ಯೂನ ದೊಡ್ಡ ರೋಗವೆಂದರೆ, ಯಾರಾದರೂ ಕೇಳಿದರೆ ಹೇಳಿಬಿಡುವುದು. "ನೋಡ್ರಿ, ಒಂದು ಸಪ್ಪಳದಾಗ ಭಾಳ ಸ್ವರ ಕೂಡಿರ್ತಾವ. ಅವನ್ನ ಒಂದೊಂದ ಬಿಡಿಸಿ ನೋಡೂದ ಹಾರ್ಮೋನಿಕ್ ವಿಶ್ಲೇಷಣೆ. ನಾ ಸಪ್ಪಳದ ಬದ್ಲಿ ಸಂಖ್ಯಾ ಬಿಡಸ್ತೇನಿ. ಎರಡು, ಮೂರು, ಐದು, ಏಳು, ಹನ್ನೊಂದು, ಇಂಥಾ ಭಾಗ ಹೋಗದ ಸಂಖ್ಯಾ ಅಡ್ಡಾದಿಡ್ಡಿ ಬರ್ತಾವ ಅಂತ ಕಾಣತೈತಿ. ಆದ್ರ ಒಳಗ ಅಲಿ ಅದಾವ, ಸ್ವರದಂಗ."

"ಬಿಡಸಾಕ ಬರತೈತಿ ಅಂತ ನಿನ್ನ ಬಾಯಿಲೇ ಹೇಳಿದಿ," ಎಂದು ಉಡಚವ್ವ ಪೇಟಿಯನ್ನು ಹೊಸ್ತಿಲ ಮೇಲೆ ಇಟ್ಟಳು. "ಬಿಡಸು ಮತ್ತ."

ಒಳಗಿಂದ ಹೆಂಡತಿ ಐರಿನ್ ಬಂದಳು. ಮಿಶನ್ ಸಾಲಿಯ ಟೀಚರು, ಆ ದಿನ ಗಂಡನಿಗಾಗಿ ರಜೆ ಹಾಕಿದ್ದಳು. "ರೀ, ಕ್ವಾಯರ್‌ನ ಜಾಯ್ಲಿನ್ ಮೆಸೇಜ್ ಮಾಡ್ಯಾಳ. ಚರ್ಚಿನ ಪೇಟಿನೂ ಕಳಸಾಕತ್ತಾರಂತ."

"ಕಳಸಬ್ಯಾಡ್ರಿ ಅಂತ ಹೇಳು."

"ಆಟೋ ಬಿಟ್ಟೈತಂತ."

ಹತ್ತು ಗಂಟೆಯೊಳಗೆ ಅವರ ಓಣಿಯಲ್ಲಿ ಹಾರ್ಮೋನಿಯಂ ಹೊತ್ತು ನಿಂತವರು ಹದಿನೇಳು ಸಾವಿರ ಜನ. ಸಾಲಿನ ಬಾಲ ದುರ್ಗದಬೈಲಿನಲ್ಲಿತ್ತು. ಆ ಬಾಲದಿಂದಲೇ ಸಿಟ್ಟಿನಲ್ಲಿ ಕುದಿಯುತ್ತ ಬಂದವರು ಅಮೀನಸಾಬ, ನಲವತ್ತು ವರ್ಷದಿಂದ ದುರ್ಗದಬೈಲಿನ ಸಂದಿಯೊಂದರಲ್ಲಿ ಪೇಟಿ ರಿಪೇರಿ ಮಾಡುವವರು.

"ಏನ್ರಿ ಸಾಹೇಬ್ರ, ನನ್ನ ಹೊಟ್ಟಿ ಮ್ಯಾಲೆ ಕಾಲ್ ಇಡಾಕತ್ತೀರೆಲ್ಲ. ಮುಂಜಾನಿಂದ ಮೂರ್ ಗಿರಾಕಿ, 'ಬ್ಯಾಡ ಚಾಚಾ, ಕೇಶ್ವಾಪುರದಾಗ ಡಾಕ್ಟರ್ ಬಂದಾನಂತ' ಅಂತ ಹೇಳಿ ಪೇಟಿ ತಿರುಗಿ ಒಯ್ದ್ರು."

"ಚಾಚಾ, ನನಗ ಪೇಟಿ ತಗಿಯಾಕೂ ಬರೂದಿಲ್ಲ, ಮುಚ್ಚಾಕೂ ಬರೂದಿಲ್ಲ."

"ಬರೂದಿಲ್ಲ?" ಅಮೀನಸಾಬರ ಸಿಟ್ಟು ಇನ್ನೊಂದು ಪಟ್ಟು ಏರಿತು. "ಬರೂದಿಲ್ಲ ಅಂದಮ್ಯಾಗ ಡಾಕ್ಟರ್ ಯಾಕ ಮಾಡಾಕತ್ತಾರ? ನಡೀರಿ, ನಾನೂ ಬರ್ತೇನಿ. ಸರ್ವರಿಗೂ ಸ್ವಾಗತ ಅಂತ ಬರದಾರ. ನಾ ಕೇಳ್ತೇನಿ ನಿಮಗ ಪ್ರಶ್ನೆ."

ಹೀಗಾಗಿ ಐರಿನ್, ಉಡಚವ್ವ, ಅಮೀನಸಾಬರ ಜೊತೆ ಚಿಗರಿ ಬಸ್ಸಿನಲ್ಲಿ ಆಂಡ್ರ್ಯೂ ನಿಂತು ಧಾರವಾಡಕ್ಕೆ ಹೋದ. ಅವನಿಗೆ ಸಿಗಬೇಕಾದ ಸೀಟಿನಲ್ಲಿ ವಿಹಾರದ ಪೇಟಿ ಕೂತಿತ್ತು. ಪ್ರತಿ ತಿರುವಿನಲ್ಲೂ ಅದು ತಾನಾಗಿಯೇ ನರಳುತ್ತಿತ್ತು. ಆಂಡ್ರ್ಯೂ ಕೂಡ. ಎಂಟು ವರ್ಷ ಕಣ್ಣು ಕಳೆದುಕೊಂಡು ಬರೆದದ್ದನ್ನು ಈ ಊರು ಒಂದು ಪೆಟ್ಟಿಗೆಯೊಳಗೆ ತುರುಕಿಬಿಟ್ಟಿತಲ್ಲ ಎಂದು ದಾರಿಯುದ್ದಕ್ಕೂ ಅದನ್ನೇ ದುರುಗುಟ್ಟಿ ನೋಡಿದ.

ಪರೀಕ್ಷೆಯ ಕೋಣೆಯಲ್ಲಿ ಎಂದೂ ನಾಲ್ಕು ಜನಕ್ಕಿಂತ ಹೆಚ್ಚು ಕೂತದ್ದಿಲ್ಲ. ಆ ದಿನ ಧಾರವಾಡದ ಗಾಯಕರು, ತಬಲಾದವರು, ಕೇಳಿ ತಲೆದೂಗುವವರು, ಇವರೆಲ್ಲ ಕಿಟಕಿಯಲ್ಲೂ ಕೂತಿದ್ದರು. ಮೈಸೂರಿನಿಂದ ಬಂದ ಪರೀಕ್ಷಕರು ಕನ್ನಡಕ ಒರೆಸಿಕೊಂಡರು.

"ಸಂಖ್ಯಾಸಿದ್ಧಾಂತಕ್ಕೆ ಇಷ್ಟು ಜನಾನೇ? ನಮ್ಮ ಕಡೆ ಪರೀಕ್ಷೆ ತಗೊಳ್ಳೋವ್ರೇ ಬರೋಲ್ಲಪ್ಪ."

ಆಂಡ್ರ್ಯೂ ಶುರುಮಾಡಿದ. ಫಲಕದ ಮೇಲೆ ಮೊತ್ತದ ಚಿಹ್ನೆ ಬರೆದ. "ನನ್ನ ಪ್ರಬಂಧ ಎಲ್ಲಾ ಕ್ಯಾರೆಕ್ಟರ್ ಮೇಲೆ ನಿಂತಿದೆ," ಎಂದ. ಕ್ಯಾರೆಕ್ಟರ್ ಎಂದರೆ ಗಣಿತದಲ್ಲಿ ಸಂಖ್ಯೆಗಳ ಗುಂಪಿನ ಒಂದು ಶುದ್ಧ ಸ್ವರವಿದ್ದಂತೆ.

"ಖರೇ ಮಾತು," ಎಂದಳು ಹಿಂದಿನಿಂದ ಉಡಚವ್ವ. "ಹಾಡವ್ರಿಗೆ ಮೊದಲ ಕ್ಯಾರೆಕ್ಟರ್ ಛಲೋ ಇರಬೇಕು."

ಸಭೆ ತಲೆದೂಗಿತು. ಆಂಡ್ರ್ಯೂ ಹಲ್ಲು ಕಚ್ಚಿ ಮುಂದುವರಿದ. ನಾಲ್ಕನೇ ಅಧ್ಯಾಯಕ್ಕೆ ಬಂದಾಗ ಪರೀಕ್ಷಕರು ಪೆನ್ನು ಎತ್ತಿದರು. "ಇಲ್ಲಿ ಲೆಕ್ಕವಿಲ್ಲದಷ್ಟು ಪದಗಳನ್ನ ಕೂಡಿಸ್ತೀರಿ. ಮುಂದಿನ ಸಾಲಲ್ಲಿ ಬೇಕಾದವು ಮಾತ್ರ ಇವೆ. ಬೇಡವಾದವು ಎಲ್ಲಿ ಹೋದವು? ಸೂತ್ರ ಬೇಡ, ಬಾಯಲ್ಲಿ ಹೇಳಿ."

ಎಂಟು ವರ್ಷ ಗೊತ್ತಿದ್ದ ಉತ್ತರ ಆ ಕ್ಷಣ ಆಂಡ್ರ್ಯೂನ ತಲೆಯಿಂದ ಇಳಿದು ಹೋಯಿತು. ಬಾಯಿ ತೆರೆದ, ಗಾಳಿ ಬಂತು. ಐರಿನ್ ಕಣ್ಣು ಮುಚ್ಚಿ ಪ್ರಾರ್ಥನೆಗೆ ತೊಡಗಿದಳು.

ಇದೇ ಸಂದಿಯಲ್ಲಿ ಅಮೀನಸಾಬ ಎದ್ದರು. "ನಂದೂ ಒಂದ್ ಪ್ರಶ್ನೆ ಐತ್ರಿ. ನಾ ಪೇಟಿ ಸುರ್ ಹಚ್ಚೂಮುಂದ ಒಂದು ಸರಿ ಇದ್ದ ಸುರ್ ಬಾಜೂಕ ಹಿಡೀತೇನಿ. ತಪ್ಪು ಸುರ್ ಇದ್ರ ಎರಡೂ ಕೂಡಿ ವಾಂವ್ ವಾಂವ್ ಅಂತ ನಡಗತಾವ. ಸರಿ ಇದ್ರ ಗಟ್ಟಿ ನಿಂದರತಾವ. ಇಷ್ಟ ಸಾಕು. ಇದಕ್ಕ ನಿಮ್ಮ ನಾಕನೂರ ಹಾಳಿ ಪುಸ್ತಕ ಯಾಕ ಬೇಕ್ರಿ?"

ಆಂಡ್ರ್ಯೂನ ತಾಳ್ಮೆಯ ಕಟ್ಟೆ ಒಡೆಯಿತು. ಡಸ್ಟರನ್ನು ಮೇಜಿಗೆ ಬಡಿದ. "ಅದನ್ನ ಅಲ್ರಿ ಚಾಚಾ ನಾನೂ ಮುಂಜಾನಿಂದ ಬಡಕೊಳ್ಳಾಕತ್ತಿದ್ದು. ನಂದೂ ಅದ ಕೆಲಸ. ಸಂಖ್ಯಾದ ಮೊತ್ತದ ಬಾಜೂಕ ಒಂದು ಕ್ಯಾರೆಕ್ಟರ್ ಹಿಡೀತೇನಿ. ಹೊಂದದ ಇದ್ದವು ಮ್ಯಾಲೆ ಕೆಳಗ ನಡಗಿ ನಡಗಿ ಒಂದಕ್ಕೊಂದು ತಿಂದು ಸೊನ್ನಿ ಆಗತಾವ. ಹೊಂದಿದ್ದು ಗಟ್ಟಿ ನಿಂದರತೈತಿ. ನಿಂತದ್ದನ್ನ ಎಣಸ್ತೇನಿ, ಮುಗೀತು."

ಪರೀಕ್ಷಕರು ಪೆನ್ನು ಕೆಳಗಿಟ್ಟರು. "ನಾನು ಕೇಳಿದ್ದೂ ಇದನ್ನೇ. ಇಷ್ಟು ತಿಳಿಯಾಗಿ ನಮ್ಮ ಪುಸ್ತಕಗಳಲ್ಲೂ ಇಲ್ಲ. ಅಭಿನಂದನೆ, ಡಾಕ್ಟರ್ ಆಂಡ್ರ್ಯೂ."

ಚಪ್ಪಾಳೆಗೆ ಲಕಮನಹಳ್ಳಿಯ ಕಾರ್ಖಾನೆಗಳ ತಗಡು ಹಾರಿದವು. ಅಮೀನಸಾಬ ಆಂಡ್ರ್ಯೂನನ್ನು ತಬ್ಬಿಕೊಂಡರು. "ಇಂವ ನಮ್ಮ ಜಾತಿ ಕೆಲಸಗಾರ," ಎಂದು ಎಲ್ಲರಿಗೂ ಹೇಳಿದರು. ಆಂಡ್ರ್ಯೂಗೆ ಸಿಟ್ಟು ಬರಬೇಕಿತ್ತು, ಯಾಕೋ ಬರಲಿಲ್ಲ.

ಬಂದದ್ದು ನಾಲ್ಕೂವರೆಗೆ, ಆದೇಶಪತ್ರ ಕೈಗೆ ಸಿಕ್ಕಾಗ. 'ಸಂಗೀತ ವಿಭಾಗದಲ್ಲಿ ಪಿಎಚ್‌ಡಿ ಪದವಿಗೆ ಅರ್ಹರು' ಎಂದಿತ್ತು.

"ಸಂಗೀತ?" ಎಂದು ಆಂಡ್ರ್ಯೂ ಕಚೇರಿಯ ಕಿಟಕಿಗೆ ತಲೆ ಹಾಕಿದ. "ನಾಳಿ ಗಣಿತದ ಸಂದರ್ಶನ ಐತ್ರಿ ನಂದು. ಯಾರ್ ಬರದ್ರು ಇದನ್ನ?"

ಒಳಗೆ ಬಿಂದುಮಾಧವರು ಶಾಂತವಾಗಿದ್ದರು. "ಮೊದಲ ಗಣಿತ ಅಂತ ಇತ್ತರಿ. ಹಾರ್ಮೋನಿಯಂ ವಿಷಯ ಗಣಿತದಾಗ ಹೆಂಗ ಬರತೈತಿ ಅಂತ ತಿದ್ದೇನಿ."

"ನಿಮಗ ತಿದ್ದು ಅಂದವ್ರು ಯಾರು?"

"ಯಾರರೇ ಅನ್ನೂತನ ಕಾಯೋವಂವ ಗುಮಾಸ್ತ ಏನ್ರಿ?"

ಆಂಡ್ರ್ಯೂ ಒಂದನೆಯ ಇಯತ್ತೆಯ ಮಕ್ಕಳಿಗೆ ಹೇಳುವಂತೆ ಬಿಡಿಸಿ ಹೇಳಿದ: "ಹಾ. ರ್ಮೋ. ನಿಕ್. ಯಂ ಇಲ್ಲ. ಪೇಟಿ ಅಲ್ಲ. ತಿಳೀತ್ರಿ?" ಬಿಂದುಮಾಧವರು ತಲೆಯಾಡಿಸಿ, ನಿಘಂಟು ತೆಗೆದು, ಬಹಳ ಹೊತ್ತು ಹುಡುಕಿ, ಟೈಪು ಮಾಡಿದರು. ಐದೂವರೆಗೆ ಕಚೇರಿಯ ದೊಡ್ಡ ಸಾಹೇಬರು ಓದದೆ ಸಹಿ ಹಾಕಿ, ನಾಲ್ಕು ದಿನದ ರಜೆಯ ಮೇಲೆ ಕಾರು ಹತ್ತಿ ಹೊರಟುಹೋದರು.

ಗೇಟಿನ ಹತ್ತಿರ ಐರಿನ್ ತಿದ್ದುಪಡಿಯನ್ನು ಗಟ್ಟಿಯಾಗಿ ಓದಿದಳು. "'ಹಾರ್ಮೋನಿಯಂ' ಎಂಬಲ್ಲಿ 'ಹಾರ್ಮೋನ್' ಎಂದೂ, 'ಸಂಗೀತ ವಿಭಾಗ' ಎಂಬಲ್ಲಿ 'ವೈದ್ಯಕೀಯ ವಿಭಾಗ' ಎಂದೂ ಓದಿಕೊಳ್ಳತಕ್ಕದ್ದು."

ಉಡಚವ್ವ ಪೇಟಿಯನ್ನು ಬಗಲು ಬದಲಿಸಿಕೊಂಡಳು.

"ತಮ್ಮಾ ಆಂಡ್ರು, ನಂದ್ ಥೈರಾಯ್ಡ್ ರಿಪೋರ್ಟ್ ಮನ್ಯಾಗ ಐತಿ. ನಾಳಿ ಮುಂಜಾನಿ ಎಂಟಕ್ಕ ತರ್ಲೇನು?"

ಆಂಡ್ರ್ಯೂ ಕಲ್ಲಿನ ಮೇಲೆ ಕೂತುಬಿಟ್ಟ. ಐರಿನ್ ಕೂಡಲಿಲ್ಲ. ತಿದ್ದುಪಡಿಯ ಕೆಳಗೆ ಬರೆದವರ ಹೆಸರು ನೋಡಿಕೊಂಡು ಸೀದಾ ಕಿಟಕಿಗೆ ಬಂದಳು.

"ಬಿಂದುಮಾಧವ ಅನ್ನವ್ರು ಯಾರ್ರಿ?"

"ಅವ್ರು ಈಗ ಮನಿಗೆ ಹೋದ್ರಲ್ರಿ," ಎಂದ ಒಳಗಿದ್ದವನು. "ಭಾರೀ ಶಾಣ್ಯಾ ಮನುಷ್ಯಾ. ಕನ್ನಡದಾಗ ಒಂದ್ ತಪ್ಪು ಮಾಡಿದವ್ರಲ್ಲ."

ಐರಿನ್ ಅವನ ಕೊರಳಲ್ಲಿ ತೂಗುತ್ತಿದ್ದ ಗುರುತಿನ ಚೀಟಿಯನ್ನು ಎರಡು ಬೆರಳಲ್ಲಿ ಹಿಡಿದು, ತಿರುಗಿಸಿ, ಓದಿದಳು.

ಇನ್ನು ಮುಚ್ಚಿಟ್ಟು ಉಪಯೋಗವಿಲ್ಲ. ಆ ಚೀಟಿ ನನ್ನದೇ. ಓಣಿಯಲ್ಲಿ ಹದಿನೇಳು ಸಾವಿರ ಜನ ಇರಲಿಲ್ಲ, ಮೂರು ಪೇಟಿ ಬಂದಿದ್ದವು ಎಂದು ಉಡಚವ್ವನೇ ನನಗೆ ಹೇಳಿದಳು. ತಗಡು ಹಾರಲಿಲ್ಲ. ನನ್ನ ನೋಟೀಸು ಓದಲು ಬೆಳಗಾವಿಯಿಂದ ಯಾರೂ ಬರುವುದಿಲ್ಲ, ಧಾರವಾಡದವರೇ ಓದುವುದಿಲ್ಲ. ಐರಿನ್‌ಬಾಯಿಯವರು ಆ ಹೊತ್ತು ನನ್ನನ್ನು ಬೈಯಲಿಲ್ಲ, ಒಂದೇ ಮಾತು ಕೇಳಿದರು, "ಗೊತ್ತಿಲ್ಲಂದ್ರ ನನ್ನ ಗಂಡನ್ನ ಕೇಳಬಾರದೇನ್ರಿ, ಇಲ್ಲೇ ನಿಂತಿದ್ರಲ್ಲ" ಎಂದು. ಹಾರ್ಮೋನಿಕ್ ಎಂಬ ಶಬ್ದ ನಿಘಂಟಿನಲ್ಲಿ ಸಿಗಲಿಲ್ಲ. ಕೇಳಲು ನಾಚಿಕೆಯಾಯಿತು.