ದೊಡ್ಡಪ್ಪನಿಗೆ ಹೊಸ ತಂತಿ

"ದಿನಾ ಊರಿನವರ ಕಣ್ಣಿಗೆಲ್ಲ ಗಾಜು ಆರಿಸಿಕೊಡೋನು ನಾನು! ನಾಲ್ಕು ತಂತಿ ಆರಿಸೋದು ಯಾವ ಮಹಾ ವಿದ್ಯೆ?" ಎಂದು ಕನ್ನಡಕದಂಗಡಿಯ ಯಜಮಾನರು ಶನಿವಾರ ಬೆಳಿಗ್ಗೆ ಕಾಫಿ ಲೋಟ ಕುಕ್ಕಿ ಘೋಷಿಸಿದರು.

ಅವರ ಹೆಂಡತಿ ದಂತವೈದ್ಯೆ. ವಾರವಿಡೀ ಪರರ ಬಾಯಿ ತೆರೆಸುವ ಆಕೆಗೆ ರಜೆಯ ದಿನ ಗಂಡನ ಬಾಯಿ ಮುಚ್ಚಿದ್ದರೆ ಸಾಕಾಗಿತ್ತು.

"ಆರಿಸಿ. ನನ್ನನ್ನ ಮಾತ್ರ ಕರೀಬೇಡಿ," ಎಂದಳು.

ತಂತಿ ಬೇಕಾಗಿದ್ದುದು ದೊಡ್ಡಪ್ಪನಿಗೆ. ಡಬಲ್ ಬಾಸ್ ಎಂಬ ಆ ವಾದ್ಯ ಪಿಟೀಲಿನ ವಂಶದ್ದೇ. ಆದರೆ ಪಿಟೀಲು ನುಡಿಸುವವನ ಭುಜದ ಮೇಲೆ ಕೂತರೆ, ಇದು ಆಳಿಗಿಂತ ಎತ್ತರಕ್ಕೆ ನಿಂತು ನುಡಿಸುವವನನ್ನೇ ತನ್ನ ಭುಜಕ್ಕೆ ಒರಗಿಸಿಕೊಳ್ಳುತ್ತದೆ. ಮನೆಯಲ್ಲೇ ಇದ್ದ ಹೆಂಡತಿಯ ತಾಯಿ, ಅತ್ತೆಯವರು, ಒಮ್ಮೆ "ಇದು ಪಿಟೀಲಿನ ದೊಡ್ಡಪ್ಪ" ಅಂದದ್ದೇ ಹೆಸರಾಗಿ ನಿಂತಿತು. ದೊಡ್ಡಪ್ಪನೂ ಹಾಲಿನ ಮೂಲೆಯಲ್ಲಿ ನಿಂತುಬಿಟ್ಟ. ಅಲ್ಲಿ ಗುಡಿಸಲೂ ಬಿಡ, ಸೋಫಾ ಜರುಗಿಸಲೂ ಬಿಡ!

ಯಜಮಾನರು ಊರಿನ ವಾದ್ಯಮೇಳದಲ್ಲಿ ಅದನ್ನು ನುಡಿಸುತ್ತಿದ್ದರು. ಮೇಳವನ್ನು ನಡೆಸುತ್ತಿದ್ದವರು ಒಬ್ಬ ನಿವೃತ್ತ ಹೆಡ್‌ಮಿಸ್ಟ್ರೆಸ್. ಆಕೆ ಹಿಂದಿನ ತಾಲೀಮಿನಲ್ಲಿ ಎಲ್ಲರ ಮುಂದೆ ಕೈ ಎತ್ತಿ ಮೇಳ ನಿಲ್ಲಿಸಿ, "ನೀವು ಚೆನ್ನಾಗಿ ಕಾಣಿಸ್ತೀರಿ, ಕೇಳಿಸೋದೇ ಇಲ್ಲ! ಭಾನುವಾರದ ಕಚೇರೀಲಿ ಕೊನೇ ಕೃತಿ ಶುರುವಾಗೋದೇ ನಿಮ್ಮೊಬ್ಬರಿಂದ. ಆಗಲೂ ಕೇಳಿಸದೇ ಇದ್ರೆ, ಮುಂದಿನ ಸಲದಿಂದ ನಿಮ್ಮ ಭಾಗ ಕೀಬೋರ್ಡ್‌ನವನಿಗೆ," ಎಂದಿದ್ದರು.

ಕೀಬೋರ್ಡ್‌ನವನಿಗೆ! ಒಂದು ಗುಂಡಿ ಒತ್ತಿದರೆ ಡಬಲ್ ಬಾಸ್, ಪಕ್ಕದ ಗುಂಡಿ ಒತ್ತಿದರೆ ಕೊಳಲು, ಕೈ ತಪ್ಪಿದರೆ ಚಪ್ಪಾಳೆ ಬರುವ ಯಂತ್ರಕ್ಕೆ! ಯಜಮಾನರಿಗೆ ಮೈ ಉರಿಯಿತು. ದೋಷವೆಲ್ಲ ಹಳೆಯ ತಂತಿಗಳದ್ದು ಎಂದು ಅಂದೇ ತೀರ್ಪು ಕೊಟ್ಟರು.

ಅಲ್ಲಿಂದ ಶುರುವಾಯಿತು ಸಂಶೋಧನೆ. ಕುರಿಯ ಕರುಳಿನಿಂದ ಹೊಸೆದ ತಂತಿ ಒಂದು ಬಗೆ, ಉಕ್ಕಿನದು ಇನ್ನೊಂದು, ಒಳಗೆ ನೈಲಾನ್ ಎಳೆ ಇಟ್ಟು ಮೇಲೆ ಲೋಹ ಸುತ್ತಿದ್ದು ಮತ್ತೊಂದು. ಯಾವುದು ಮೇಲು ಎಂದು ಇಂಟರ್‌ನೆಟ್ಟಿನಲ್ಲಿ ಕೇಳಿದ್ದೇ ತಡ, ಲೋಕದ ಬಾಸ್ ವಾದಕರೆಲ್ಲ ಪರಸ್ಪರ ಬೈದಾಡಿಕೊಂಡರು. ಊಟಕ್ಕೆ ಕೂತರೆ ಅದೇ ಮಾತು.

"ಕರುಳಿನ ತಂತಿಯ ನಾದ ಬೆಚ್ಚಗಿರುತ್ತಂತೆ ಕಣೇ!"

"ನಾದಾನಾ, ಸ್ನಾನದ ನೀರಾ?"

"ಉಕ್ಕಿನದು ಸ್ವಲ್ಪ ತಣ್ಣಗಂತೆ."

"ನಿಮ್ಮ ತಟ್ಟೇಲಿರೋದೂ ತಣ್ಣಗಾಗ್ತಿದೆ. ತಿನ್ನಿ ಮೊದಲು."

ಕರುಳಿನದನ್ನೂ ನೈಲಾನಿನದನ್ನೂ ಪರಿಚಯದ ವಾದಕರಿಂದ ಎರವಲು ತಂದರು, ಉಕ್ಕಿನದನ್ನು ಕೊಂಡರು. ಶನಿವಾರ ಮಧ್ಯಾಹ್ನ ಹಾಲಿನಲ್ಲಿ ಬೆಡ್‌ಶೀಟಿನ ಪರದೆ ಎದ್ದಿತು. ಹಿಂದೆ ಯಜಮಾನರು ಮತ್ತು ದೊಡ್ಡಪ್ಪ, ಮುಂದೆ ಸೋಫಾದ ಮೇಲೆ ಹೆಂಡತಿ ಮತ್ತು ಅತ್ತೆ. ಕರೀಬೇಡಿ ಎಂದಿದ್ದವಳನ್ನು ಕೈ ಹಿಡಿದೇ ಎಳೆದು ತಂದಿದ್ದರು.

ಮೊದಲಿಗೆ ಒಂದೇ ಒಂದು ತಂತಿಯನ್ನು ಮಾತ್ರ ಬದಲಿಸಿ ನೋಡಿದರು. ಅಂಗಡಿಯ ಅಭ್ಯಾಸ ಎಲ್ಲಿ ಬಿಟ್ಟೀತು?

"ಹೇಳಿ, ಇದು ಸ್ಪಷ್ಟವಾಗಿದೆಯಾ... ಢೂಂ... ಅಥವಾ ಇದಾ?... ಢೂಂ..."

"ಎರಡೂ ಒಂದೇ," ಎಂದಳು ಹೆಂಡತಿ.

"ಸರಿಯಾಗಿ ಕೇಳಿಸ್ಕೊ! ಇನ್ನೊಂದು ಸಲ."

"ಎರಡೂ ಎರಡು ಸಲ ಒಂದೇ."

ಅತ್ತೆ ಮೂಗಿಗೆ ಸೆರಗು ಹಿಡಿದು, "ನಾದದ ವಿಷಯ ನಂಗೊತ್ತಿಲ್ಲಪ್ಪಾ. ವಾಸನೆ ಬರೋದು ಮಾತ್ರ ಎರಡನೇದು," ಎಂದರು. ಎರಡನೆಯದು ಕುರಿಯ ಕರುಳು!

ಅಷ್ಟರಲ್ಲಿ ಬಾಗಿಲು ಬಡಿದ ಸದ್ದು. ಕೆಳಗಿನ ಮನೆಯವರು. "ನಿಮ್ಮ ನಲ್ಲಿ ಪೈಪು ಯಾಕೋ ನರಳ್ತಾ ಇದೆ, ಒಡೆಯೋ ಹಾಗಿದೆ ನೋಡಿ," ಎಂದು ಕಾಳಜಿಯಿಂದ ಹೇಳಿ ಹೋದರು. ಯಜಮಾನರ ಸಹನೆಯ ತಂತಿ ಅಲ್ಲಿಗೆ ಹರಿಯಿತು.

"ಒಂದೊಂದೇ ಬದಲಾಯಿಸಿದ್ರೆ ನಿಮ್ಮ ಕಿವಿಗೆ ತಿಳಿಯಲ್ಲ. ನಾಲ್ಕನ್ನೂ ಒಟ್ಟಿಗೇ ತೆಗೀತೀನಿ!" ಎಂದು ಗುಡುಗಿ, ಬಿರಡೆಗಳನ್ನೆಲ್ಲ ಸರಸರನೆ ಸಡಿಲಿಸಿದರು. ನಾಲ್ಕೂ ತಂತಿ ಜೋಲು ಬಿದ್ದವು. ಮರುಕ್ಷಣವೇ ಪರದೆಯ ಹಿಂದೆ 'ಫಟ್' ಎಂದು ಒಂದು ಸದ್ದು, ಅದರ ಹಿಂದೆಯೇ ದೊಡ್ಡಪ್ಪನ ಹೊಟ್ಟೆಯೊಳಗೆ 'ಡಬ್' ಎಂದು ಇನ್ನೊಂದು.

"ಅಯ್ಯೋ! ಕುದುರೆ ಬಿತ್ತು!" ಎಂದು ಯಜಮಾನರು ಕೂಗಿದರು.

ಅತ್ತೆ ಧಡಕ್ಕನೆ ಎದ್ದು ಕಿಟಕಿಗೆ ಓಡಿದರು. "ಎಲ್ಲಿ? ಯಾರಿಗಾದ್ರೂ ಪೆಟ್ಟಾಯ್ತಾ?"

"ರಸ್ತೇಲಲ್ಲ ಅತ್ತೆ, ಇಲ್ಲಿ! ತಂತಿಗಳ ಕೆಳಗೆ ನಿಂತಿರೋ ಮರದ ಕುದುರೆ!"

ಕುದುರೆ ಬಿದ್ದರೆ ಎತ್ತಿ ನಿಲ್ಲಿಸಬಹುದು. ಒಳಗೆ ಬಿದ್ದದ್ದೇ ದೊಡ್ಡ ತಾಪತ್ರಯ. ದೊಡ್ಡಪ್ಪನ ಎದೆಗೂ ಬೆನ್ನಿಗೂ ನಡುವೆ ಅಂಟು, ಮೊಳೆ ಯಾವುದೂ ಇಲ್ಲದೆ, ತಂತಿಗಳ ಒತ್ತಡದಿಂದಲೇ ನಿಂತಿರುವ ಒಂದು ಮರದ ಕಂಬವಿದೆ. ಅದು ನಿಂತಿದ್ದರೆ ನಾದ, ಬಿದ್ದರೆ ದೊಡ್ಡಪ್ಪ ಬರೀ ಬೀರು! ತಂತಿಗಳನ್ನು ಒಟ್ಟಿಗೆ ತೆಗೆಯಬಾರದು ಎಂಬುದು ಇಂಟರ್‌ನೆಟ್ಟಿನಲ್ಲಿ ಬೈದಾಡಿದವರೆಲ್ಲ ಒಪ್ಪಿದ್ದ ಏಕೈಕ ವಿಷಯ. ವಾದ್ಯ ರಿಪೇರಿಯವನಿಗೆ ಫೋನ್ ಮಾಡಿದರೆ, ಸೋಮವಾರದವರೆಗೆ ಊರಲ್ಲಿಲ್ಲ ಎಂಬ ಉತ್ತರ. ಕಚೇರಿ ನಾಳೆ!

ಯಜಮಾನರು ಅಡುಗೆಮನೆಯ ಇಕ್ಕಳ ತಂದು, ವಾದ್ಯದ ಎದೆಯ ಮೇಲಿನ ಉದ್ದನೆಯ ಕಿಂಡಿಯಲ್ಲಿ ಇಳಿಬಿಟ್ಟರು. ಇಕ್ಕಳ ಒಳಗೇ ಬಿತ್ತು. ಅದನ್ನು ಹುಡುಕಲು ಪುಟ್ಟ ಟಾರ್ಚ್ ಇಳಿಬಿಟ್ಟರು. ಅದೂ ಒಳಗೆ ಹೋಗಿ, ಅಲ್ಲೇ ಉರಿಯುತ್ತ ಮಲಗಿತು. ಮೂಲೆಯಲ್ಲಿ ದೊಡ್ಡಪ್ಪ ಹೊಟ್ಟೆಯೊಳಗೆ ಬೆಳಕು ಹೊತ್ತು ಜ್ಞಾನಿಯಂತೆ ಹೊಳೆದ!

"ತಲೆಕೆಳಗೆ ಮಾಡಿ ಅಲ್ಲಾಡಿಸೋಣ. ಹಿಡ್ಕೋ!"

ಮೂವರೂ ಸೇರಿ ದೊಡ್ಡಪ್ಪನನ್ನು ಎತ್ತಿ ಬೋರಲು ಮಾಡಿದರು. ಅವನ ಕುತ್ತಿಗೆ ತಿರುಗಿ ಟೇಬಲ್ ದೀಪಕ್ಕೆ ಬಡಿಯಿತು. ದೀಪ ಹೂಜಿಯ ಮೇಲೆ ಬಿತ್ತು. ಹೂಜಿಯ ನೀರು ಪರದೆಯನ್ನೂ ನೆನೆಸಿ, ಅತ್ತೆಯ ಕಾಲನ್ನೂ ತೊಳೆಯಿತು. ಮತ್ತೆ ಬಾಗಿಲು ಬಡಿದ ಸದ್ದು. "ನಾನು ಹೇಳಿದ್ನಲ್ಲ," ಎಂದರು ಕೆಳಗಿನ ಮನೆಯವರು, ಹಾಲಿನಲ್ಲಿ ಹರಿದ ನೀರನ್ನು ನೋಡಿ. "ಪೈಪು ಒಡೀತು!"

ಅವರನ್ನು ಸಾಗಹಾಕಿ ಬಂದ ದಂತವೈದ್ಯೆ ಗಂಡನ ಮುಖ ನೋಡಿದಳು. ಅದು ಅಳುವುದೊಂದೇ ಬಾಕಿ.

"ಸರೀರಿ ಆ ಕಡೆ," ಎಂದಳು.

ಕ್ಲಿನಿಕ್ಕಿನ ಚೀಲದಿಂದ ಹಲ್ಲು ನೋಡುವ ಪುಟ್ಟ ಕನ್ನಡಿ ತೆಗೆದಳು. ಹಣೆಗೆ ದೀಪ ಕಟ್ಟಿಕೊಂಡಳು. ಬಳುಕುವ ಸೌಟಿನ ಹಿಡಿಯನ್ನು ಬಗ್ಗಿಸಿಕೊಂಡಳು. ದೊಡ್ಡಪ್ಪನನ್ನು ಸೋಫಾದ ಮೇಲೆ ಅಂಗಾತ ಮಲಗಿಸಿ ಕಿಂಡಿಯೊಳಗೆ ಇಣುಕಿದಳು. ಇಕ್ಕಳ ಬಂತು, ಟಾರ್ಚ್ ಬಂತು, ಎಂದೋ ಕಳೆದುಹೋಗಿದ್ದ ಅತ್ತೆಯ ಹೇರ್‌ಪಿನ್ನೂ ಬಂತು. ಕಂಬ ಮಾತ್ರ ನಿಂತಂತೆ ಮಾಡಿ ಮತ್ತೆ ಮತ್ತೆ ಬಿತ್ತು.

"ಸ್ವಲ್ಪ ಎಡಕ್ಕೆ..." ಎಂದು ಯಜಮಾನರು ಬಾಯಿ ಹಾಕಿದರು.

"ಇನ್ನೊಂದು ಮಾತಾಡಿದ್ರೆ ನಿಮ್ಮ ಬಾಯಿಗೂ ಹತ್ತಿ ತುರುಕ್ತೀನಿ!"

ಸೂರ್ಯ ಕಿಟಕಿಯಿಂದ ಇಳಿಯುವ ಹೊತ್ತಿಗೆ ಕಂಬ 'ಟಕ್' ಎಂದು ನಿಂತಿತು. "ಬುದ್ಧಿಹಲ್ಲು ಕೀಳೋದು ಇದಕ್ಕಿಂತ ಸುಲಭ," ಎಂದು ಆಕೆ ಬೆನ್ನು ನೀವಿಕೊಂಡಳು.

"ಈಗ ಯಾವ ತಂತಿ ಹಾಕೋಣ?" ಎಂದರು ಯಜಮಾನರು ಸಣ್ಣ ದನಿಯಲ್ಲಿ.

"ಹೊಳೆಯೋದು ಹಾಕಿ!"

ಅಷ್ಟೊಂದು ಸಂಶೋಧನೆ ಹೀಗೆ ಮುಗಿಯಿತು. ಕುದುರೆಯನ್ನು ಎತ್ತಿ ನಿಲ್ಲಿಸಿ, ಉಕ್ಕಿನ ತಂತಿ ಬಿಗಿದು ಕಮಾನು ಎಳೆದರು. ಕಿಟಕಿಯ ಗಾಜು ಅದುರಿತು!

ಭಾನುವಾರ ಸಂಜೆ ಸಭಾಂಗಣ ತುಂಬಿತ್ತು. ಕೊನೆಯ ಕೃತಿ ದೊಡ್ಡಪ್ಪನಿಂದ ಶುರುವಾಯಿತು. ಏನು ಗಾಂಭೀರ್ಯ! ಹಿಂದಿನ ಸಾಲಿನವರೂ ತಲೆ ಎತ್ತಿ ನೋಡಿದರು. ಕಚೇರಿ ಮುಗಿದದ್ದೇ ಯಜಮಾನರು ಎದೆ ಉಬ್ಬಿಸಿ ಹೆಡ್‌ಮಿಸ್ಟ್ರೆಸ್ ಮುಂದೆ ನಿಂತರು.

"ಹೇಗಿತ್ತು ಮೇಡಂ? ಕೇಳಿಸ್ತಾ?"

"ಪ್ರತಿಯೊಂದು ಸ್ವರವೂ ಕೇಳಿಸ್ತು," ಎಂದು ಆಕೆ ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. "ನೀವು ಇಷ್ಟು ವರ್ಷವೂ ಮೇಳಕ್ಕಿಂತ ಅರ್ಧ ಹೆಜ್ಜೆ ಹಿಂದೇನೇ ನುಡಿಸ್ತಿದ್ರಾ? ಪಾಪ, ನನಗೆ ಗೊತ್ತೇ ಇರಲಿಲ್ಲ! ಹಳೇ ತಂತಿ ಇನ್ನೂ ಇದ್ಯಾ?"

ಮನೆಗೆ ಬರುವ ದಾರಿಯಲ್ಲಿ ಕಾರಿನ ಅರ್ಧ ಭಾಗ ದೊಡ್ಡಪ್ಪನದು. ಅವನ ಕುತ್ತಿಗೆಯ ಈ ಕಡೆ ಯಜಮಾನರು, ಆ ಕಡೆ ಹೆಂಡತಿ.

"ತಂತಿ ಒಳ್ಳೇದೇ ಅಲ್ವೇನೇ? ಕಂಬಾನೂ ಗಟ್ಟಿಯಾಗೇ ನಿಂತಿದೆ. ಮತ್ತೆ ಯಾಕೆ ಹೀಗಾಯ್ತು?" ಎಂದರು ಯಜಮಾನರು.

ಆಕೆ ರಸ್ತೆಯ ಮೇಲಿಂದ ಕಣ್ಣು ತೆಗೆಯದೆ ಗೇರ್ ಬದಲಿಸಿದಳು.

"ನಾನು ಎಷ್ಟೋ ಜನಕ್ಕೆ ಹಲ್ಲು ಕಟ್ಟಿಕೊಟ್ಟಿದ್ದೀನಿ ರೀ. ಹಲ್ಲು ಬಂದ್ಮೇಲೆ ಮಾತು ಸ್ಪಷ್ಟ ಆಗುತ್ತೆ. ಆಡೋ ಮಾತಿಗೆ ಮಾತ್ರ ನಾನು ಜವಾಬ್ದಾರಳಲ್ಲ!"