ಇಂಟರ್ವಲ್ಲಿಗೆ ನೀರು ನಿಂತದ್ದು

ಕಥೆಗಾರನಿಗೆ ತನ್ನ ಹೆಂಡತಿಯ ಮೇಲೆ ಇದ್ದ ದೂರು ಒಂದೇ: ಅವಳಿಗೆ ಕಥೆ ಹೇಳಲು ಬರುವುದಿಲ್ಲ. ಹಾಲು ಉಕ್ಕಿದರೆ ‘ಹಾಲು ಉಕ್ಕಿತು’ ಎಂದುಬಿಡುತ್ತಾಳೆ. ಅದಕ್ಕೊಂದು ಪೀಠಿಕೆ ಬೇಡವೆ? ಒಂದು ತಿರುವು ಬೇಡವೆ? ಕೇಳುವವನು ‘ಅಯ್ಯೋ, ಆಮೇಲೆ?’ ಎನ್ನುವಷ್ಟಾದರೂ ಅವನನ್ನು ಸತಾಯಿಸಬೇಡವೆ? ಇವಳು ಹೇಳಿ ಮುಗಿಸಿ ಒಲೆ ಒರೆಸುವಷ್ಟರಲ್ಲಿ ಕಥೆಯೂ ಖಾಲಿ, ಪಾತ್ರೆಯೂ ಖಾಲಿ.

ಅವನು ಸಿನಿಮಾಗಳಿಗೆ ಚಿತ್ರಕಥೆ ಬರೆಯುವವನು. ಸಕಲ ಚರಾಚರ ಬ್ರಹ್ಮಾಂಡ ನಿಂತಿರುವುದು ಇಂಟರ್ವಲ್ಲಿನ ಮೇಲೆ ಎಂದು ನಂಬಿದವನು. ಹೆಂಡತಿ ಜಗಳಕ್ಕೆ ಬಂದರೆ, “ಇದು ಸೆಕೆಂಡ್ ಹಾಫಿನ ಜಗಳ ಕಣೇ, ಈಗಲೇ ಖರ್ಚು ಮಾಡಬೇಡ” ಎನ್ನುತ್ತಿದ್ದ. (ಇದರಿಂದ ಜಗಳ ನಿಂತದ್ದು ಒಮ್ಮೆಯೂ ಇಲ್ಲ.) ಹೆಂಡತಿಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ. ಬಂದವರನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ, ಒಂದು ಕಣ್ಣು ಮುಚ್ಚಿಸಿ, ‘ಕೆಳಗಿನ ಸಾಲು ಓದಿ’ ಎನ್ನುವುದು ಅವಳ ಕಸುಬು. ಊರವರಿಗೆಲ್ಲ ಕೆಳಗಿನ ಸಾಲು ಕಾಣಿಸುವಂತೆ ಮಾಡಿದರೂ ಮನೆಯಲ್ಲಿ ಮೇಲಿನ ಸಾಲೇ ಕಾಣದ ಗಂಡನೊಬ್ಬ ಹಾಗೇ ಉಳಿದಿದ್ದಾನೆ ಎಂಬುದು ಅವಳ ದೂರು.

ಈ ಸಲ ಕಥೆ ಬರೆಸುತ್ತಿದ್ದ ನಿರ್ಮಾಪಕಿ ಹಾಸಿಗೆ ವ್ಯಾಪಾರದಲ್ಲಿ ಗೆದ್ದು ಸಿನಿಮಾಕ್ಕೆ ಇಳಿದಾಕೆ. ಆಕೆಯ ಆದೇಶ ಸ್ಪಷ್ಟವಾಗಿತ್ತು. “ನಗೆಯ ಪ್ರೇಮಕಥೆ ಬೇಕು. ಗಂಡಹೆಂಡತಿ ಕನಸಲ್ಲೂ ನೆನೆಸಿರಬಾರದು, ಹಾಗೆ ಮಗು ಬರಬೇಕು. ಸೋಮವಾರ ಇಂಟರ್ವಲ್ ಸೀನ್ ಫೋನಲ್ಲಿ ಹೇಳಿ. ನನಗೆ ನಗು ಬಂತೋ, ಸಿನಿಮಾ ನಿಮ್ಮದು. ನಿದ್ದೆ ಬಂತೋ, ಬೇರೆಯವರನ್ನ ನೋಡ್ಕೋತೀನಿ.”

ಮೊದಲಾರ್ಧ ಸಿದ್ಧವಾಗಿತ್ತು: ಹೀರೋ ಹೀರೋಯಿನ್ ಕಿತ್ತಾಡುತ್ತಾರೆ, ಮೆಟ್ಟಿಲ ಮೇಲೆ ಹಾಡುತ್ತಾರೆ, ಮದುವೆಯಾಗುತ್ತಾರೆ. ದ್ವಿತೀಯಾರ್ಧವೂ ಸಿದ್ಧವಿತ್ತು: ಸುದ್ದಿ ಕೇಳಿದ ಹೀರೋ ಹೆದರಿ ಓಡಿಹೋಗುತ್ತಾನೆ, ಪಶ್ಚಾತ್ತಾಪ ಪಡುತ್ತಾನೆ, ಕೊನೆಗೆ ಯಾರದೋ ಸೈಕಲ್ ಕಸಿದುಕೊಂಡು ಆಸ್ಪತ್ರೆಗೆ ಧಾವಿಸುತ್ತಾನೆ. ನಡುವಿನ ಸೀನು ಮಾತ್ರ ಇಲ್ಲ. ಹೀರೋಯಿನ್ ಆ ಸುದ್ದಿಯನ್ನು ಹೇಗೆ ಹೇಳಬೇಕು? ಕಥೆಗಾರ ಕೋಣೆಯ ಈ ಗೋಡೆಯಿಂದ ಆ ಗೋಡೆಗೆ ಓಡಾಡಿ ನೆಲಹಾಸನ್ನು ಸವೆಸಿದ. ವಾಂತಿ ಬೇಡ, ಅಜ್ಜಿ ಕಾಲದ್ದು. ತಲೆಸುತ್ತು ಬೇಡ, ಮುತ್ತಜ್ಜಿ ಕಾಲದ್ದು. ಹುಳಿ ತಿನ್ನುವುದಂತೂ ಬೇಡವೇ ಬೇಡ.

ಶನಿವಾರ ಬೆಳಿಗ್ಗೆ ಹೆಂಡತಿ ಬಚ್ಚಲಿನಲ್ಲಿ ಬಗ್ಗಿ ನಿಂತು ವಾಂತಿ ಮಾಡಿದಳು. ಕಥೆಗಾರ ಬಾಗಿಲಲ್ಲಿ ನಿಂತು ಗಂಭೀರವಾಗಿ ತಲೆಯಾಡಿಸಿದ.

“ಇದು ಬೇಡ. ಎಲ್ಲರೂ ಮಾಡಿಬಿಟ್ಟಿದಾರೆ.”

ಹೆಂಡತಿ ಬಾಯಿ ಮುಕ್ಕಳಿಸಿ ತಿರುಗಿದಳು. ಅವಳ ಮುಖ ಬಿಳಿಚಿಕೊಂಡಿತ್ತು, ಕಣ್ಣು ಮಾತ್ರ ಫಳಫಳ ಹೊಳೆಯುತ್ತಿತ್ತು. “ರೀ, ನಾನು ಬಸುರಿ” ಅಂದಳು.

ಕಥೆಗಾರ ಕಣ್ಣು ಮುಚ್ಚಿ ಆ ಮಾತನ್ನು ನಾಲಗೆಯ ಮೇಲಿಟ್ಟು ಚಪ್ಪರಿಸಿ ನೋಡಿದ. “ಊಹೂಂ. ತೀರಾ ಸಪ್ಪೆ. ಯಾವ ಹೀರೋಯಿನ್ ಹೀಗೆ ಬಚ್ಚಲಲ್ಲಿ ನಿಂತು ಹೇಳ್ತಾಳೆ? ಹಿಂದೆ ಒಂದು ಮ್ಯೂಸಿಕ್ ಆದ್ರೂ ಬೇಡ್ವಾ?”

“ನಿಜವಾಗ್ಲೂ ಕಣ್ರೀ. ನಿನ್ನೆ ಡಾಕ್ಟರ ಹತ್ರ ಹೋಗಿದ್ದೆ.”

“ಹಾಂ, ಈ ‘ನಿಜವಾಗ್ಲೂ’ ಪರವಾಗಿಲ್ಲ. ಭಾವ ಬಂತು. ಇನ್ನೊಂದ್ಸಲ ಹೇಳು, ಸ್ವಲ್ಪ ತಡವರಿಸಿ ಹೇಳು.”

(ಓದುಗರಾದ ನಿಮಗೆ ಇಷ್ಟು ಹೊತ್ತಿಗೆ ಎಲ್ಲ ತಿಳಿದಿದೆ. ಪಕ್ಕದ ಮನೆಯ ಬೆಕ್ಕಿಗೂ ತಿಳಿದಿರಬೇಕು. ಆದರೆ ಅವನನ್ನು ತೀರಾ ಬೈಯಬೇಡಿ. ಮದುವೆಯಾಗಿ ಹನ್ನೆರಡು ವರ್ಷವಾಗಿತ್ತು. ಮೊದಲ ಕೆಲವು ವರ್ಷ ಕಾದರು, ಆಸ್ಪತ್ರೆ ಸುತ್ತಿದರು, ಒಬ್ಬರಿಗೆ ಕಾಣದಂತೆ ಒಬ್ಬರು ಅತ್ತರು. ಆಮೇಲೆ ಆ ಮಾತನ್ನು ಎತ್ತುವುದನ್ನೇ ಬಿಟ್ಟರು. ಆಸೆಯನ್ನು ಅಷ್ಟು ದೂರ ಇಟ್ಟವನಿಗೆ ಅದು ಬಚ್ಚಲ ಬಾಗಿಲಿಗೆ ಬಂದು ನಿಂತರೆ ಗುರುತು ಸಿಗುವುದು ಸುಲಭವಲ್ಲ.)

ಹೆಂಡತಿ ಸೊಂಟದ ಮೇಲೆ ಕೈಯಿಟ್ಟಳು. “ಆಯ್ತು. ನಿಮ್ಮ ಹೀರೋಯಿನ್ ಹೇಗೋ ಹೇಳಿದ್ಲು ಅಂತಿಟ್ಕೊಳ್ಳಿ. ಹೀರೋ ಏನು ಮಾಡ್ತಾನೆ?”

“ಓಡಿಹೋಗ್ತಾನೆ.”

“ಓಡದೆ ಇರೋಕಾಗಲ್ವಾ?”

“ಓಡದೆ ಇರೋ ಗಂಡನ್ನ ನೋಡೋಕೆ ದುಡ್ಡು ಕೊಟ್ಟು ಯಾರು ಬರ್ತಾರೆ? ಅಂಥೋರು ಮನೆಮನೆಯಲ್ಲೂ ಬಿಟ್ಟಿ ಸಿಗ್ತಾರೆ.”

“ನಮ್ಮನೇಲಿ ಇದಾರೋ ಇಲ್ವೋ, ಅದು ನನಗೆ ಗೊತ್ತಾಗಬೇಕಿತ್ತು” ಅಂದಳು ಹೆಂಡತಿ. ಅವಳ ದನಿ ಸಣ್ಣದಾಯಿತು. ಕಥೆಗಾರ ‘ಒಳ್ಳೇ ಡೈಲಾಗು’ ಎಂದು ಚಿಟಿಕೆ ಹೊಡೆದು ಬರೆದುಕೊಳ್ಳಲು ಒಳಗೆ ಓಡಿದ. ಕೋಣನ ಮುಂದೆ ಕಿನ್ನರಿ ಬಾರಿಸಿ ಅವಳಿಗೆ ಸಾಕಾಗಿತ್ತು. ಚಪ್ಪಲಿ ಮೆಟ್ಟಿ ಅಂಗಡಿಗೆ ಹೊರಟವಳು ದಾರಿಯಲ್ಲೇ ತನ್ನ ತಾಯಿಗೆ ಫೋನು ಮಾಡಿ ನಕ್ಕಳು, ಆಮೇಲೆ ಅತ್ತಳು.

ಅರ್ಧ ಗಂಟೆಯಲ್ಲಿ ಕಥೆಗಾರನಿಗೆ ಅತ್ತೆಯ ಫೋನು ಬಂತು. ಅತ್ತೆ ಹಳೆಯ ಕಾಲದ ಹೆಂಗಸು, ಮೇಲೆ ಕಿವಿ ಸ್ವಲ್ಪ ಮಂದ. ಮಗಳು ಬಸುರಿ ಎಂಬ ಮಾತನ್ನು ಅಳಿಯನ ಎದುರು ಬಾಯಿಬಿಟ್ಟು ಆಡುವ ಪೈಕಿ ಅಲ್ಲ. (ತಿಂಗಳ ಮುಟ್ಟು ನಿಂತು ಗರ್ಭ ಕಟ್ಟಿದೆ ಎನ್ನುವುದಕ್ಕೆ ಹಿಂದಿನ ಹೆಂಗಸರು ‘ನೀರು ನಿಂತಿದೆ’ ಎಂದು ಮರ್ಯಾದೆಯಾಗಿ ಹೇಳುತ್ತಿದ್ದರು. ಮಾತಿನ ಮೇಲೆಯೇ ಹೊಟ್ಟೆ ಹೊರೆಯುವ ಕಥೆಗಾರನಿಗೆ ಈ ಮಾತೊಂದು ಗೊತ್ತಿರಲಿಲ್ಲ.)

“ಅಳಿಯಂದ್ರೇ, ನೀರು ನಿಂತಿದೆಯಂತಲ್ಲ!” ಅಂದರು ಅತ್ತೆ, ಸಂತೋಷದಿಂದ.

“ಹೌದಾ? ನನಗೆ ಗೊತ್ತೇ ಆಗ್ಲಿಲ್ಲ ನೋಡಿ. ನಿಮಗೆ ಯಾರು ಹೇಳಿದ್ರು?”

“ಅವಳೇ ಹೇಳಿದ್ಲು. ನೀವು ಕಿವಿಗೇ ಹಾಕ್ಕೊಳ್ತಿಲ್ಲ ಅಂತ ಬೇಜಾರು ಮಾಡ್ಕೊಂಡಿದ್ಲು.”

ಕಥೆಗಾರನಿಗೆ ನಾಚಿಕೆಯಾಯಿತು. ಪಾಪ, ನಲ್ಲಿ ಕೆಟ್ಟಿದ್ದನ್ನು ತವರಿಗೆ ಹೇಳಿಕೊಳ್ಳುವ ಹಾಗಾಯಿತಲ್ಲ! “ಚಿಂತೆ ಬಿಡಿ ಅತ್ತೆ. ಇವತ್ತೇ ಪ್ಲಂಬರನ್ನ ಕರೆಸ್ತೀನಿ.”

“ಯಾರು, ಹೊಸ ಡಾಕ್ಟರಾ? ಒಳ್ಳೆಯವರಾ?”

ಅತ್ತೆಯ ಕಿವಿಗೆ ಏನು ಬಿತ್ತು ಎಂಬುದು ಕಥೆಗಾರನ ಕಿವಿಗೆ ಬೀಳಲಿಲ್ಲ. “ಒಳ್ಳೇ ಕೆಲಸಗಾರ. ಈ ಬೀದೀಲಿ ಎಲ್ಲರ ಮನೇದೂ ಅವನೇ ನೋಡೋದು.”

“ಗಂಡಸಾ?” ಅತ್ತೆಯ ದನಿ ಕುಗ್ಗಿತು.

“ಗಂಡಸೇ. ಬಲವಾಗಿದಾನೆ. ಬಿಗಿಯಾಗಿದ್ರೆ ಸ್ಪ್ಯಾನರ್ ಹಾಕಿ ತಿರುಗಿಸ್ತಾನೆ. ಅದಕ್ಕೂ ಬಗ್ಗದಿದ್ರೆ ಸುತ್ತಿಗೆ ಇದ್ದೇ ಇದೆ.”

ಆ ಕಡೆ ಫೋನು ಕೆಳಗೆ ಬಿದ್ದ ಸದ್ದಾಯಿತು. ಅತ್ತೆ ಬಸ್ಸಿಗೆ ಓಡಿದ್ದು ಕಥೆಗಾರನಿಗೆ ಹೇಗೆ ತಿಳಿಯಬೇಕು? ಅವನು ಪ್ಲಂಬರನಿಗೆ ಫೋನು ಹಚ್ಚಿದ.

ಪ್ಲಂಬರ್ ಮಧ್ಯಾಹ್ನದ ಹೊತ್ತಿಗೆ ಬಂದು ಬಚ್ಚಲಿನ ನಲ್ಲಿ ತಿರುಗಿಸಿದ. ನೀರು ಧೋ ಎಂದು ಸುರಿಯಿತು. ಅಡುಗೆಮನೆಯದನ್ನು ತಿರುಗಿಸಿದ. ಅಲ್ಲೂ ಧೋ.

“ಬರ್ತಾ ಇದೆಯಲ್ಲ ಸಾರ್?”

“ನಿಂತಿದೆ ಅಂತ ನಮ್ಮತ್ತೆ ಹೇಳಿದಾರೆ.”

“ಅವರು ಇಲ್ಲೇ ಇರ್ತಾರಾ?”

“ಇಲ್ಲ, ಬೇರೆ ಊರು.”

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜಾತಿಯವರು ಲೋಕದಲ್ಲಿದ್ದಾರಲ್ಲ, ಅಂಥವರಿಬ್ಬರು ಆವತ್ತು ಒಂದೇ ಬಚ್ಚಲಿನಲ್ಲಿ ಕೂಡಿದ್ದರು. ಪ್ಲಂಬರ್ ಗಲ್ಲ ಕೆರೆದುಕೊಂಡ. “ಹಂಗಾದ್ರೆ ಒಳಗೆ ಗಾಳಿ ಸಿಕ್ಕಾಕ್ಕೊಂಡಿದೆ ಸಾರ್. ಒಂದ್ಸಲ ಬರುತ್ತೆ, ಒಂದ್ಸಲ ನಿಲ್ಲುತ್ತೆ. ಗೋಡೆ ಬಿಚ್ಚಿ ನೋಡಬೇಕು.” ಕಥೆಗಾರನಿಗೆ ಈ ವಿವರಣೆ ಬಹಳ ಹಿಡಿಸಿತು. ಇದರಲ್ಲಿ ರಹಸ್ಯವಿತ್ತು, ಅಡಗಿ ಕೂತ ಖಳನಿದ್ದ. “ಬಿಚ್ಚು” ಎಂದು ಅಪ್ಪಣೆ ಕೊಟ್ಟ.

ಗೋಡೆಯ ಮೂರು ಟೈಲು ಉದುರಿದವು. ನಾಲ್ಕನೆಯದಕ್ಕೆ ಹೊಡೆದ ಏಟು ಪೈಪಿಗೆ ಬಿತ್ತು. ಸಣ್ಣ ತೂತಿನಿಂದ ನೀರು ಕಾರಂಜಿಯಾಗಿ ಚಿಮ್ಮಿ ಎದುರು ಗೋಡೆಯ ಕನ್ನಡಿಯನ್ನು ತೊಳೆಯಿತು. “ಬೆರಳಿಡಿ ಸಾರ್, ತೆಗೀಬೇಡಿ! ಮೇಲೆ ಹೋಗಿ ಟ್ಯಾಂಕ್ ಬಂದ್ ಮಾಡಿ ಬರ್ತೀನಿ!” ಎಂದ ಪ್ಲಂಬರ್ ಸ್ಪ್ಯಾನರ್ ಹಿಡಿದುಕೊಂಡೇ ಓಡಿದ. ಕಥೆಗಾರ ಹೆಬ್ಬೆರಳನ್ನು ತೂತಿಗೆ ಒತ್ತಿ, ಪಂಚೆ ಮೊಣಕಾಲಿಗೆ ಕಟ್ಟಿ, ಕಾಲಡಿಯ ನೀರಿನಲ್ಲಿ ನಿಂತ.

ಮೆಟ್ಟಿಲಲ್ಲಿ ಗಲಾಟೆ ಎದ್ದಿತು.

“ಎಲ್ಲಿ ನನ್ನ ಮಗಳು? ಅದನ್ನ ಕೆಳಗಿಡೋ! ಸ್ಪ್ಯಾನರ್ ಅಂತೆ, ಸುತ್ತಿಗೆ ಅಂತೆ! ನಿನ್ನನ್ನ ಯಾವನೋ ಡಾಕ್ಟರು ಮಾಡಿದೋನು?”

“ಅಮ್ಮಾ, ನಾನು ಡಾಕ್ಟರಲ್ಲಮ್ಮ!”

“ಓದಿಲ್ಲ ಬೇರೆ! ಇದೇ ಕೈಯಲ್ಲಿ ಇಡೀ ಬೀದಿ ಹೆಂಗಸರನ್ನ ನೋಡ್ತೀಯಾ?”

“ಬರೀ ಪೈಪು ನೋಡ್ತೀನಮ್ಮ, ದೇವರಾಣೆ!”

ಅತ್ತೆ ಕೊಡೆಯನ್ನು ಈಟಿಯ ಹಾಗೆ ಹಿಡಿದು ಬಚ್ಚಲಿಗೆ ನುಗ್ಗಿದರು. ಅವರ ಹಿಂದೆಯೇ, ದಾರಿಯಲ್ಲಿ ತಾಯಿ ಮಾಡಿದ್ದ ಫೋನಿಗೆ ಗಾಬರಿಬಿದ್ದು ಅಂಗಡಿ ಬಿಟ್ಟು ಓಡಿಬಂದಿದ್ದ ಹೆಂಡತಿ. ಇಬ್ಬರೂ ಒಡೆದ ಗೋಡೆಯನ್ನೂ, ಗೋಡೆಗೆ ಅಂಟಿಕೊಂಡಿದ್ದ ಕಥೆಗಾರನನ್ನೂ ನೋಡಿದರು.

“ಬಂದ್ರಾ ಅತ್ತೆ, ನೀವು ಹೇಳಿದ್ದು ಸರಿ, ಒಳಗೆ ಗಾಳಿ ಇತ್ತು” ಅಂದ ಕಥೆಗಾರ.

ಅತ್ತೆ ಹಣೆ ಚಚ್ಚಿಕೊಂಡರು. ಮರ್ಯಾದೆಯ ಮಾತು ಇನ್ನು ಸಾಕೆನಿಸಿರಬೇಕು. “ಅಯ್ಯೋ ನನ್ನಪ್ಪಾ! ನೀರು ನಿಂತಿರೋದು ನಿಮ್ಮ ನಲ್ಲೀಲಲ್ಲ! ನನ್ನ ಮಗಳಿಗೆ ನೀರು ನಿಂತಿರೋದು! ಬಸುರಿ ಅವಳು, ಬಸುರಿ!”

ಕಥೆಗಾರ ಹೆಂಡತಿಯನ್ನು ನೋಡಿದ. ಬೆಳಿಗ್ಗೆಯೂ ಅದೇ ಬಿಳಿಚಿದ ಮುಖ, ಅದೇ ಹೊಳೆಯುವ ಕಣ್ಣು ಅಲ್ಲೇ ಇತ್ತು. ಬೇಡಿ ಬೇಡಿ ಕೈಬಿಟ್ಟಿದ್ದ ಸುದ್ದಿ ಹನ್ನೆರಡನೆಯ ವರ್ಷ ತಾನಾಗಿ ಬಂದಾಗ ಅವನು ‘ಸಪ್ಪೆ’ ಎಂದಿದ್ದ. ‘ಇನ್ನೊಂದ್ಸಲ ಹೇಳು’ ಎಂದಿದ್ದ.

“ಏನು ನೋಡ್ತಿದೀರಿ?” ಅಂದಳು ಹೆಂಡತಿ. ನಗುವುದೋ ಅಳುವುದೋ ಅವಳಿಗಿನ್ನೂ ತೀರ್ಮಾನವಾಗಿರಲಿಲ್ಲ. “ಸುದ್ದಿ ಕೇಳಿದ್ರಲ್ಲ, ಇಂಟರ್ವಲ್ ಆಯ್ತು. ಓಡಿ.”

“ಹೆಬ್ಬೆರಳು ತೆಗೆದ್ರೆ ನೀರು ಚಿಮ್ಮುತ್ತೆ ಕಣೇ.”

“ಅದಕ್ಕೇ ಓಡ್ತಿಲ್ವಾ?”

ಕಥೆಗಾರನಿಗೆ ಏನೋ ಒಂದು ಮಹತ್ತಾದ ಮಾತು ಹೇಳಬೇಕೆನ್ನಿಸಿತು. ಊರವರಿಗೆಲ್ಲ ಮಾತು ಬರೆದುಕೊಟ್ಟವನ ಬಾಯಿಂದ ‘ಬ’ ಎಂಬ ಅಕ್ಷರ ಹೊರಟು ಅಲ್ಲೇ ನಿಂತಿತು. ಅವನು ಹೆಬ್ಬೆರಳು ತೆಗೆದ. ನೀರು ಧಾರಾಕಾರವಾಗಿ ಅತ್ತೆಯ ಮುಖಕ್ಕೆ ಬಡಿಯಿತು. ಅವನು ಎರಡೇ ಹೆಜ್ಜೆಗೆ ಹೆಂಡತಿಯನ್ನು ಮುಟ್ಟಿ, ಅವಳ ಭುಜದ ಮೇಲೆ ಮುಖವಿಟ್ಟು, ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅತ್ತ. ಹೆಂಡತಿಗೆ ಆಗ ನಗು ಗೆದ್ದಿತು. ಅತ್ತೆ ಕೊಡೆ ಬಿಚ್ಚಿ ಅದರಡಿ ನಿಂತು, “ನಿಂತ ನೀರಿಗೆ ಇಷ್ಟು ಗಲಾಟೆ ಮಾಡಿದೋರು ಇನ್ನು ಹೆರಿಗೆಗೆ ಊರೇ ಮುಳುಗಿಸ್ತಾರೆ” ಎಂದರು. ಮೇಲಿನಿಂದ ಪ್ಲಂಬರ್, “ಸಾರ್, ನೀರು ನಿಂತಿತಾ?” ಎಂದು ಕೂಗಿದ.

“ನಿಂತಿದೆಯಂತೆ ಕಣೋ!” ಎಂದು ಕಥೆಗಾರ ಇಡೀ ಕಟ್ಟಡಕ್ಕೆ ಕೇಳುವ ಹಾಗೆ ಕೂಗಿದ. ಪ್ಲಂಬರ್ ಅದನ್ನು ನಂಬಿ ಟ್ಯಾಂಕ್ ಪೂರ್ತಿ ಬಂದ್ ಮಾಡದೆ ಇಳಿದುಬಂದ.

ಸೋಮವಾರ ನಿರ್ಮಾಪಕಿಯ ಫೋನು ಬಂತು. ಕಥೆಗಾರನಿಗೆ ಈಗ ಸೀನು ಹುಡುಕುವ ಕಷ್ಟವಿರಲಿಲ್ಲ. ಮಂಚದ ಮೇಲೆ ಹೆಂಡತಿಯ ಪಕ್ಕ ಕೂತು, ಅವಳಿಗೂ ಕೇಳಲೆಂದು ಸ್ಪೀಕರ್ ಹಾಕಿ, ನಡೆದದ್ದನ್ನು ಒಂದಕ್ಷರ ಬಿಡದೆ ಹೀರೋನ ಹೆಸರಿನಲ್ಲಿ ಹೇಳಿದ. ಬಚ್ಚಲು, ಅತ್ತೆ, ಸ್ಪ್ಯಾನರ್, ಹೆಬ್ಬೆರಳು. ನಿರ್ಮಾಪಕಿ ನಗಲು ಶುರುಮಾಡಿದಾಕೆ ನಿಲ್ಲಿಸಲೇ ಇಲ್ಲ. ಹೊಟ್ಟೆ ಹಿಡಿದುಕೊಂಡು, ನೀರು ಕುಡಿದು, ಮತ್ತೆ ನಕ್ಕಳು. ಕಥೆಗಾರ ಹೆಂಡತಿಯ ಕಡೆ ನೋಡಿ ಹುಬ್ಬು ಹಾರಿಸಿದ.

“ಬಹಳ ಚೆನ್ನಾಗಿದೆ. ಇದು ಸಿನಿಮಾದಲ್ಲಿ ಇರಲೇಬೇಕು” ಅಂದಳು ನಿರ್ಮಾಪಕಿ. “ಆದ್ರೆ ಹೀರೋಗೆ ಬೇಡ. ಕಾಮಿಡಿಯನ್‌ಗೆ ಕೊಡಿ.”

“ಮೇಡಂ?”

“ಹೆಂಡತಿ ಎದುರಿಗೆ ನಿಂತು ಬಸುರಿ ಅಂದ್ರೂ ಅರ್ಥವಾಗದ ಪೆದ್ದನ್ನ ಹೀರೋ ಅಂದ್ರೆ ಜನ ಕುರ್ಚಿ ಮುರೀತಾರೆ. ಹೀರೋ ಅಂದ್ರೆ ಅವಳ ಮುಖ ನೋಡಿದ ತಕ್ಷಣ ತಿಳ್ಕೋಬೇಕು. ಅಂಥದ್ದೊಂದು ಸೀನ್ ಬೇರೆ ಬರೀರಿ. ನೀವೂ ಸಂಸಾರಸ್ಥರು, ನಿಮಗೆ ಗೊತ್ತಿರಲ್ವಾ?”

ಕಥೆಗಾರ ಬಾಯಿ ತೆರೆದ. ಹೆಂಡತಿ ಅವನ ಕೈಯಿಂದ ಫೋನು ತೆಗೆದುಕೊಂಡಳು.

“ಅವರಿಗೆ ಗೊತ್ತಿಲ್ಲ ಮೇಡಂ. ಆ ಸೀನ್ ನಾನು ಬರೆದುಕೊಡ್ತೀನಿ.”

“ನೀವಾ? ನಿಮಗೆ ಬರೆಯೋಕೆ ಬರುತ್ತಾ?”

“ಹನ್ನೆರಡು ವರ್ಷದಿಂದ ಆ ಕಾಮಿಡಿಯನ್ ಜೊತೇಲೇ ಸಂಸಾರ ಮಾಡ್ತಿದೀನಿ. ಹೀರೋ ಹೇಗಿರಬೇಕಿತ್ತು ಅಂತ ನನಗಲ್ಲದೆ ಇನ್ಯಾರಿಗೆ ಗೊತ್ತಿರುತ್ತೆ?”

ಕಥೆಗಾರ ಎದ್ದುಹೋಗಿ, ತನ್ನ ಪೆನ್ನಿನ ಮುಚ್ಚಳ ತೆಗೆದು, ಅವಳ ಕೈಗೆ ಕೊಟ್ಟ.