ನನ್ನ ಕಾರಿನ ವಿಲೀನ ಪರ್ವ

ಧ್ರುವ ಮೋಟಾರ್ಸ್ ಮತ್ತು ಸಾರಂಗ ಕಾರ್ಸ್ ಎಂಬ ಎರಡು ಕಂಪನಿಗಳು ಮೂವತ್ತು ವರ್ಷ ಹಾವು ಮುಂಗುಸಿಯಂತೆ ಕಾದಾಡಿ, ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ‘ನಾವು ಒಂದಾಗುತ್ತಿದ್ದೇವೆ’ ಎಂದು ಪೇಪರಿನಲ್ಲಿ ಹಾಕಿಸಿದವು. ಆಗಲಿ, ಬೇಡವೆಂದವರಾರು? ಆದರೆ ಅದರಿಂದ ಸೇಡಂನಲ್ಲಿ ಒಬ್ಬ ಬಡಪಾಯಿಗೆ ಕೂಡಲು ಜಾಗವಿಲ್ಲದಂತಾದೀತು ಎಂದು ಆ ದೊಡ್ಡ ಮನುಷ್ಯರು ಒಂದು ಕ್ಷಣವಾದರೂ ಯೋಚಿಸಬಾರದಿತ್ತೇ?

ಆ ಬಡಪಾಯಿ ನಾನೇ. ಹೆಸರು ಪ್ರಹ್ಲಾದ, ಪಿಯು ಕಾಲೇಜಿನಲ್ಲಿ ಕಾಮರ್ಸ್ ಉಪನ್ಯಾಸಕ. ನಮ್ಮ ಮನೆಯ ಹಾಲ್ ಹೆಂಡತಿ ವಿಜಯಶ್ರೀಯ ಟಿವಿಗೆ ಸೇರಿದ್ದು. ನಡುಮನೆ, ಅಡುಗೆಮನೆ ನನ್ನ ತಾಯಿ ಅನಸೂಯಾಬಾಯಿಯ ಮಡಿಗೆ ಸೇರಿದ್ದು. (ಮಡಿಯಲ್ಲಿದ್ದಾಗ ಅವ್ವನನ್ನು ಮುಟ್ಟುವಂತಿಲ್ಲ, ಅವ್ವ ಮುಟ್ಟಿದ್ದನ್ನೂ ಮುಟ್ಟುವಂತಿಲ್ಲ. ಅವ್ವ ಸದಾ ಮಡಿಯಲ್ಲೇ ಇರುತ್ತಾಳೆ.) ನನ್ನದು ಅಂತ ಇದ್ದದ್ದು ಅಂಗಳದಲ್ಲಿ ನಿಂತ ಹನ್ನೊಂದು ವರ್ಷದ ಧ್ರುವ ಕಾರೊಂದೇ. ಸಂಜೆ ಕಾಲೇಜಿನಿಂದ ಬಂದು, ಅದರ ಮೇಲೆ ಕೂತ ಊರ ಕಾರ್ಖಾನೆಗಳ ಸಿಮೆಂಟ್ ಧೂಳು ಒರೆಸಿ, ಒಳಗೆ ಕೂತು ಗಾಜು ಏರಿಸಿ ಅರ್ಧ ಗಂಟೆ ಪೇಪರ್ ಓದುತ್ತಿದ್ದೆ. ಆ ಅರ್ಧ ಗಂಟೆ ಯಾರೂ ನನಗೆ ಏನೂ ಹೇಳುತ್ತಿರಲಿಲ್ಲ. ಹೇಳುತ್ತಿದ್ದರೇನೋ, ಕೇಳಿಸುತ್ತಿರಲಿಲ್ಲ. ಅದರ ಆಸೆಯಿಂದಲೇ ಉಳಿದ ಇಪ್ಪತ್ತಮೂರೂವರೆ ಗಂಟೆ ಹೇಗೋ ಜೀವ ಹಿಡಿದಿದ್ದೆ.

ಹೆಂಡತಿಯ ತಮ್ಮ ನಂದಕಿಶೋರ್ ಶಹಾಬಾದದಲ್ಲಿ ನೆಲಕ್ಕೆ ಹಾಸುವ ಪರ್ಸಿ ಕಲ್ಲಿನ ಪಾಲಿಶ್ ಕಾರ್ಖಾನೆಯ ಮ್ಯಾನೇಜರ್. ಅವನದು ಸಾರಂಗ ಕಾರು. ನಾವಿಬ್ಬರೂ ಸೇರಿದಲ್ಲೆಲ್ಲ ಮದುವೆಯಿರಲಿ, ಶ್ರಾದ್ಧವಿರಲಿ, ಯಾವ ಕಾರು ಮೇಲು ಎಂಬ ಮಹಾಯುದ್ಧ ನಡೆಯಲೇಬೇಕು. ಪೇಪರಿನಲ್ಲಿ ಸುದ್ದಿ ಬಂದ ದಿನ ಅವನದೇ ಫೋನು.

“ಭಾವಾ, ಓದಿದ್ರೇನು? ಎರಡೂ ಕಂಪನಿ ಮುಳಗ್ತಾವ ನೋಡ್ರಿ. ಇಷ್ಟು ವರ್ಷ ಬಡದಾಡಿದವ್ರು ಒಂದ ಮನ್ಯಾಗ ಹೆಂಗ ಬಾಳೇ ಮಾಡ್ತಾರ?”

ನನಗೂ ಹಾಗೆಯೇ ಅನ್ನಿಸಿತ್ತು. ಆದರೆ ಅವನು ಹೇಳಿಬಿಟ್ಟ ಮೇಲೆ ನಾನೂ ಅದನ್ನೇ ಹೇಳುವುದು ಹೇಗೆ?

“ನಿನಗ ತಿಳಿಯಂಗಿಲ್ಲ ಬಿಡು. ಎರಡು ಕಾರ್ಖಾನಿ ಯಾಕ? ಎರಡು ಆಫೀಸ್ ಯಾಕ? ಒಂದಾದ್ರ ಖರ್ಚು ಅರ್ಧ, ತಾಕತ್ತು ಡಬಲ್. ವೈರಿಗೋಳು ಒಂದಾಗೋದ್ರಾಗ ಭಾಳ ಶಾಣ್ಯಾತನ ಅದ.”

ಫೋನಿನ ಸ್ಪೀಕರ್ ಆನ್ ಇತ್ತು. ಟಿವಿ ಮುಂದಿದ್ದ ವಿಜಯಶ್ರೀ ರಿಮೋಟ್ ಕೆಳಗಿಟ್ಟಳು.

“ಹಂಗಾರ ನಿಮ್ಮದೊಂದು ಹಳೀ ಡಬ್ಬಿ, ನಮ್ಮ ನಂದೂಂದೊಂದು ಹಳೀ ಡಬ್ಬಿ ಯಾಕ ಬೇಕ್ರಿ? ಎರಡೂ ಮಾರಿ ಕೂಡಿ ಒಂದು ದೊಡ್ಡದು ತಗೋರಿ. ಮೂರು ದಿನ ಅಲ್ಲಿ, ಮೂರು ದಿನ ಇಲ್ಲಿ. ಗುರುವಾರ ಅತ್ತಿಯವ್ರೂ ಮಳಖೇಡದ ಮಠಕ್ಕ ಹೋಗ್ತಾರ, ನಮ್ಮವ್ವನೂ ಹೋಗ್ತಾಳ. ಇಬ್ರೂ ಕೂಡಿ ಹೋಗ್ಲಿ.”

“ಅದು ಕಂಪನಿ ಮಾತು ಮಾರಾಯ್ತಿ, ಮನೀದಲ್ಲ!”

“ಈಗರೆ ಶಾಣ್ಯಾತನ ಅಂದ್ರಿ? ಕಾಲೇಜಿನಾಗ ಹುಡುಗ್ರಿಗೆ ಸುಳ್ಳು ಹೇಳ್ಲಿಕತ್ತೀರೇನು?”

ಹದಿನೆಂಟು ವರ್ಷ ವಿಲೀನದ ಪಾಠ ಮಾಡಿದವನು ಮಾರಾಟದ ಕಾಗದಕ್ಕೆ ಸಹಿ ಹಾಕಿದೆ. ಹದಿನೈದು ದಿನದಲ್ಲಿ ನನ್ನ ಧ್ರುವ ಚಿಂಚೋಳಿಯ ಯಾರೋ ಒಬ್ಬರ ಪಾಲಾಯಿತು. ಅದು ಗೇಟು ದಾಟುವಾಗ ನನ್ನ ಕಣ್ಣು ತುಂಬಿ ಬಂತು. ಧೂಳು ಎಂದೆ. ಯಾರೂ ಕೇಳಿರಲಿಲ್ಲ.

ಎರಡೂ ಮಾರಿದ ದುಡ್ಡಿನಲ್ಲಿ ಹೊಸ ಕಾರು ಬಂತು. ಏಳು ಸೀಟು, ಮೂತಿಯ ಮೇಲೆ ಎರಡೂ ಕಂಪನಿಯ ಲಾಂಛನ. ಮೊದಲ ಮೂರು ದಿನ ಶಹಾಬಾದದಲ್ಲಿ ಇತ್ತು. ಗುರುವಾರ ಬೆಳಿಗ್ಗೆ ನಂದಕಿಶೋರ್ ಅದರಲ್ಲಿ ತನ್ನ ತಾಯಿ, ಅಂದರೆ ನನ್ನ ಅತ್ತೆ ವಿಮಲಾಬಾಯಿಯನ್ನು ಮಡಿಸೀರೆಯಲ್ಲಿ ಕೂಡಿಸಿಕೊಂಡು ಸೇಡಂಗೆ ಬಂದ. ಅವ್ವ ಒದ್ದೆ ತಲೆಯಲ್ಲಿ, ಮಡಿಯ ಉಣ್ಣೆಬಟ್ಟೆ ಧಾಬಳಿ ಹಿಡಿದು, ಕಾರಿನ ಬಾಗಿಲಲ್ಲಿ ಮೂಗು ಇಟ್ಟಳು.

“ಉಳ್ಳಾಗಡ್ಡಿ ವಾಸನಿ ಬರ್ತದಲ್ಲೋ!”

ನಂದಕಿಶೋರ್ ಆಕಾಶ ನೋಡಿದ. (ಹಿಂದಿನ ಸಂಜೆ ವಾಡಿ ಸ್ಟೇಷನ್ನಿನ ಮುಂದೆ ಗೆಳೆಯರೊಂದಿಗೆ ಕಾರಿನಲ್ಲೇ ಕೂತು ಈರುಳ್ಳಿ ಭಜಿ ತಿಂದಿದ್ದನಂತೆ.) ಅವ್ವ ಮರುಮಾತಾಡದೆ ಬಾವಿಯಿಂದ ಒಂದು ಕೊಡ ನೀರು ಸೇದಿ ತಂದು ಸೀಟುಗಳ ಮೇಲೆ ಸುರಿದಳು.

“ಬೀಗ್ತೇರ, ಏನ್ ಮಾಡ್ಲಿಕತ್ತೀರಿ?” ಅತ್ತೆ ಚೀರಿದರು. “ನಾ ಕುಂತ ಜಾಗಾ ಮೈಲಿಗಿ ಅಂತೀರೇನು?”

“ನಿಮಗಲ್ರಿ, ಗಾಡಿಗಿ ಅಂದೆ.”

“ಹಂಗಾರ ನಿಮ್ಮ ಮಗಾ ಸ್ನಾನಾ ಇಲ್ಲದ ಆ ಚಕ್ರಾ ಹಿಡದು ನಿಂತಾನಲ್ಲ, ಅದಕ್ಕ ಯಾರು ಹಾಕ್ಬೇಕು?”

ಸ್ಟಿಯರಿಂಗನ್ನು ಪ್ರೀತಿಯಿಂದ ಸವರುತ್ತಿದ್ದ ನನ್ನನ್ನು ಸರಿಸಿ, ಅತ್ತೆ ಒಂದು ಕೊಡ ತಂದು ಮುಂದಿನ ಗುಂಡಿಗಳು, ಟಚ್ ಸ್ಕ್ರೀನ್ ಎಲ್ಲದರ ಮೇಲೆ ಅಭಿಷೇಕ ಮಾಡಿದರು. ಅವ್ವ ಸೋಲುವವಳೇ? ಇನ್ನೊಂದು ಕೊಡ. ಅತ್ತೆಯದು ಮತ್ತೊಂದು. “ಅಯ್ಯೋ, ಬ್ಯಾಡ್ರಿ, ಬ್ಯಾಡ್ರಿ!” ಎಂದು ನಾವು ಗಂಡಸರಿಬ್ಬರೂ ಜೀವನದಲ್ಲಿ ಮೊದಲ ಸಲ ಒಂದೇ ಮಾತು ಆಡಿದೆವು. ಮಡಿಯಲ್ಲಿದ್ದವರ ಕೈ ಹಿಡಿದು ತಡೆಯುವುದಾದರೂ ಹೇಗೆ?

ಕೀಲಿ ತಿರುವಿದೆ. ಹಾರ್ನ್ ತಾನೇ ಕೂಗತೊಡಗಿತು. ಗಾಜುಗಳು ಏರಿದವು, ಇಳಿದವು. ಆಮೇಲೆ ಎಲ್ಲ ಶಾಂತ. ಪಕ್ಕದ ಓಣಿಯ ಮೆಕ್ಯಾನಿಕ್ ಮತೀನ ಬಂದು ಸೀಟಿನ ಕೆಳಗೆ ಕೈ ಹಾಕಿ, ಬೊಗಸೆ ನೀರು ತೆಗೆದು ತೋರಿಸಿದ.

“ಸರ್, ಗಾಡಿದು ದಿಮಾಗ ಪೂರಾ ನೀರಾಗ ಮುಳಗ್ಯಾದ್ರಿ. ಇದು ನನ್ನ ಕೈಲೆ ಆಗಂಗಿಲ್ಲ, ಕಂಪನಿಗೇ ಹೇಳ್ರಿ.”

ಹೇಳಿದೆ. ಕಾರಿನ ಮಿದುಳಾದ ಆ ‘ದಿಮಾಗ’ ಎಂಬ ಪೆಟ್ಟಿಗೆಯನ್ನು ಸಾರಂಗದವರು ಮಾಡುತ್ತಾರೆಂದು ಧ್ರುವದವರು ಬರೆದರು. ವಿಲೀನವಾದ ಮೇಲೆ ಅದು ಧ್ರುವದವರ ಕೆಲಸವೆಂದು ಸಾರಂಗದವರು ಬರೆದರು. ಇಬ್ಬರೂ ಪತ್ರದ ಕೊನೆಗೆ ‘ನಾವು ಈಗ ಒಂದೇ ಕುಟುಂಬ’ ಎಂದು ಅಚ್ಚು ಹಾಕಿಸಿದ್ದರು. ಐದು ತಿಂಗಳಾಯಿತು. ನಂದಕಿಶೋರ್ ಫೋನ್ ಮಾಡಿ, “ನಾ ಹೇಳಿದ್ದಿಲ್ಲೇನು ಭಾವಾ?” ಎಂದು ಕೇಳುವುದನ್ನು ಮಾತ್ರ ಒಂದು ದಿನವೂ ತಪ್ಪಿಸಿಲ್ಲ.

ಕಾರು ರಿಪೇರಿಯಾಗುವವರೆಗೆ ಎಂದು ಅತ್ತೆ ನಮ್ಮಲ್ಲೇ ಉಳಿದರು. ಮೊದಲ ವಾರ ಎರಡು ಒಲೆ ಹೊತ್ತಿದವು, ಎರಡನೆಯ ವಾರ ಒಂದೇ. ತಪ್ಪೆಲ್ಲ ಸ್ನಾನವಿಲ್ಲದೆ ಚಕ್ರ ಹಿಡಿದವನದು ಎಂಬಲ್ಲಿ ಇಬ್ಬರಿಗೂ ಒಮ್ಮತ ಬಂದು, ಈಗ ಹಾಲು ಸಕ್ಕರೆಯಂತೆ ಇದ್ದಾರೆ. ಆಟೋ ಮಾಡಿಕೊಂಡು ಜೊತೆಯಾಗಿಯೇ ಮಳಖೇಡಕ್ಕೆ ಹೋಗುತ್ತಾರೆ.

ಮೊನ್ನೆ ಸಂಜೆ ನನಗೊಂದು ದಿವ್ಯಜ್ಞಾನವಾಯಿತು. ಕಾರು ಓಡದಿದ್ದರೇನು, ಕೂಡಲು ಬರುತ್ತದಲ್ಲ! ಬಾಗಿಲಿದೆ, ಗಾಜಿದೆ. ಪೇಪರ್ ಬಗಲಲ್ಲಿಟ್ಟುಕೊಂಡು ಕಳ್ಳ ಹೆಜ್ಜೆಯಲ್ಲಿ ಹೋಗಿ ಬಾಗಿಲಿಗೆ ಕೈ ಚಾಚಿದೆ. ಸ್ಟಿಯರಿಂಗಿನ ಮೇಲೆ ಮಡಿಸೀರೆ ಒಣಗುತ್ತಿತ್ತು. ಗಾಜಿನ ಹಿಂದೆ ಸಾಲಾಗಿ ಹಪ್ಪಳ. ಹಿಂದಿನ ಸೀಟುಗಳಲ್ಲಿ ಧಾಬಳಿ ಹೊದ್ದ ಉಪ್ಪಿನಕಾಯಿ ಜಾಡಿಗಳು.

“ಏ ಏ, ಪ್ರಹ್ಲಾದಾ! ಮುಟ್ಟಬ್ಯಾಡ!” ಅವ್ವ ಕಿಟಕಿಯಿಂದ ಕೂಗಿದಳು. “ನಿನ್ನೆ ನಾವಿಬ್ರೂ ಹನ್ನೆರಡು ಕೊಡ ಹಾಕಿ ತೊಳದೀವಿ.”

“ಊರು ತಿರಗಂಗಿಲ್ಲ, ಯಾರೂ ಹತ್ತಂಗಿಲ್ಲ,” ಅತ್ತೆ ಕೂಡಿಸಿದರು. “ಇಂಥಾ ಮಡಿ ಜಾಗಾ ಎಲ್ಲಿ ಸಿಗ್ತದ ಹೇಳ್ರಿ?”

“ಅವ್ವಾ, ಅರ್ಧ ತಾಸು! ಕೈಕಾಲು ತೊಳ್ಕೊಂಡು ಕೂಡ್ತೀನಿ!”

“ಪ್ಯಾಂಟ್ ಹಾಕ್ಕೊಂಡು ಮಡಿ ಮನ್ಯಾಗ ಕೂಡ್ತೀಯೇನೋ? ಮೊದಲ ದೂರ ಸರಿ, ನಿನ್ನ ನೆರಳು ಹಪ್ಪಳದ ಮ್ಯಾಲ ಬಿದ್ದದ.”

ಸರಿದೆ. ಇಳಿಹೊತ್ತಾದ್ದರಿಂದ ನೆರಳು ಉದ್ದವಿತ್ತು. ಎರಡು ಹೆಜ್ಜೆ ಸರಿದರೂ ಸಾಲಲಿಲ್ಲ, ನಾಲ್ಕು ಸರಿದರೂ ಸಾಲಲಿಲ್ಲ. ಕೊನೆಗೆ ಗೇಟಿನ ಹೊರಗೆ, ರಸ್ತೆಯ ಮೇಲೆ ನಿಂತು ಪೇಪರ್ ಬಿಚ್ಚಿದೆ.